ಡೆಂಟು

ಉದ್ಯಮಬಾಗದಾಗ ಫೌಂಡ್ರಿ ಹೊಗಿಯ ಕೆಳಗ
ನಮ್ಮ ಶೆಡ್ಡಿಗೆ ಬೋರ್ಡಿಲ್ಲ.
ಹಳೇ ಸೈಲೆನ್ಸರ ಒಂದು ಬಾಗಲಿಗೆ ತೂಗ ಹಾಕೇವಿ,
ಗಾಳಿ ಬೀಸಿದ್ರ ಅದೇ ನಮ್ಮ ಹೆಸರ ಹೇಳತೈತಿ.

ಬಾಬಾಜಾನ ಪಟವೇಗಾರ ನನ್ನ ಉಸ್ತಾದರು.
ಅವರ ಅಜ್ಜ ಶಹಾಪುರದಾಗ ರೇಷ್ಮಿ ಗೊಂಡೆ ಕಟ್ಟತಿದ್ರಂತ.
ಇವರು ಹದಿನೆಂಟು ಗೇಜಿನ ಪತ್ರಾ ಸುತ್ತತಾರ,
ಶಂಕಿಗೆ ಶಂಕು ಕೂಡಿಸಿ ಬೆಸೀತಾರ:
ಕೊರಳು, ಹೊಟ್ಟಿ, ಬಾಲ.
ರಟ್ಟಿನ ಮ್ಯಾಲ ಅಳತಿ ತಗಿಯಾಕಿ ನಾನು, ಲಗಮವ್ವ.
ಉಳದ ಮದವಿ ಕಾರ್ಡು ಪ್ರೆಸ್ಸಿನವರು ಪುಕ್ಕಟ ಕೊಡತಾರ.
ಯಾರದೋ ಮುಹೂರ್ತ ನಟ್ಟನಡುವ ಕತ್ತರಿಸಿ
ಯೆಜ್ಡಿಗೆ ಹೊಟ್ಟಿ ಮಾಡೇನಿ.

ಮೊದಲನೇ ದಿನಾ ಹೇಳಿದ್ರು:
"ಎಂಜಿನ್ನಿನ ಉಸಿರಿಗೆ ಬುದ್ಧಿ ಇಲ್ಲ ಬೇಟಿ,
ಹೊರಗ ಓಡೂ ಮುಂದ ಸುಡಲಾರದ ಪೆಟ್ರೋಲನ್ನೂ ಎಳಕೊಂಡ ಹೊಂಟಿರತೈತಿ.
ದನಿ ಹಿಂದಿನ ಶಂಕಿಗೆ ಬಡದು ತಿರುಗಿ ಬಂದು
ಬಾಗಲದಾಗ ನಿಂತು 'ಒಳಗ ನಡಿ' ಅನಬೇಕು,
ಬಾಗಲಾ ಮುಚ್ಚೂದರಾಗ.
ಬೆರಳಷ್ಟು ಉದ್ದಾದ್ರ ತಡಾ ಆತು.
ಬೆರಳಷ್ಟು ಗಿಡ್ಡಾದ್ರ ಲಗೂನ ಬಂದು ಕುಂತಿತು."

ದೀಪಾವಳಿ ಹಿಂದಾಗಡೆ ಬಂದ್ರು ಜೋತಿಬಾ ಕಿತವಾಡಕರ.
ಕ್ಯಾಂಪಿನ್ಯಾಗ ಬೇಕರಿ, ವಯಸ್ಸು ಅರವತ್ತೆಂಟು,
ಟೆಂಪೋದಾಗ ಎಪ್ಪತ್ತೊಂಬತ್ತರ ಯೆಜ್ಡಿ,
ಲೈಟ ಕಿತ್ತಿದ್ದು, ಮಡಗಾರ್ಡ ಎತ್ತರಿಸಿದ್ದು,
ಟಯರಿಗೆ ಹಲ್ಲು.
ಎಂಬತ್ತಮೂರರಾಗ ಯಳ್ಳೂರ ಗುಡ್ಡದ ರೇಸಿನ್ಯಾಗ ಓಡಿದ್ದಂತ.
ಪೈಪ ಮಾತ್ರ ಗುಜರಿಗೆ ಹೋಗಿ ಮೂವತ್ತ ವರ್ಷ.
"ಅದೇ ದನಿ ಬೇಕ್ರಿ," ಅಂದ್ರು,
"ಗಾಡಿ ಓಡದಿದ್ರೂ ನಡೀತೈತಿ."

ಕಟ್ಟಿದ್ವಿ. ಕಿಕ್ ಹೊಡದ್ವಿ.
ಕಣ್ಣ ಮುಚ್ಚಿ ಕೇಳಿ, "ನವ್ಹೆ," ಅಂದ್ರು.
ಬಾಲ ಅರ್ಧ ಇಂಚು ಕೊಯ್ದ್ವಿ.
ನವ್ಹೆ.
ಹೊಟ್ಟಿ ಬಿಚ್ಚಿ, ಹೊಸಾ ರಟ್ಟು, ಹೊಸಾ ಪತ್ರಾ, ಹೊಸಾ ಬೆಸುಗಿ.
ಎರಡ ದಿನಾ ನಾನು ಬಫಿಂಗ ಮಾಡಿದೆ,
ನನ್ನ ಮಾರಿ ಅಗಲಾಗಿ ಕಾಣೂ ಹಂಗ.
ನವ್ಹೆ.
ಬರೂ ಮುಂದೆಲ್ಲಾ ಒಂದ ಪುಡಾ ಖಾರಿ ತರತಿದ್ರು,
ಸಿಟ್ಟ ಮಾಡಾಕೂ ಬರತಿದ್ದಿಲ್ಲ.

ನಾಕನೇ ದಿನಾ ಉಸ್ತಾದರು ಗ್ಯಾಸ ಬಂದ್ ಮಾಡಿ ಸ್ಟೂಲಿನ ಮ್ಯಾಲ ಕುಂತ್ರು.
"ಸಾಹೇಬರ, ಆ ರೇಸ ಗೆದ್ದ್ರ್ಯೇನು?"
"ಎಲ್ಲೀದ. ಕಡೇ ತಿರುವಿನ್ಯಾಗ ಬಿದ್ದೆ.
ಎಲ್ಲಾರೂ ಹೋದಮ್ಯಾಲ ಎದ್ದು, ಅದನ್ನೇ ಹತ್ತಿ ಮನೀಗೆ ಬಂದೆ."
"ಯಾವ ಕಡೆ ಬಿದ್ರಿ?"
ನೆನಪಿಲ್ಲ.
ತಡದು, ಬಲಗಡೆ ಪ್ಯಾಂಟ ಮ್ಯಾಲ ಎತ್ತಿದ್ರು.
ಮೀನಖಂಡದ ಒಳಮಗ್ಗಲಿಗೆ ಅಂಗೈಯಗಲ ಚರ್ಮ,
ಕೂದಲಿಲ್ಲ, ಮಿಂಚತೈತಿ,
ನನ್ನ ಬಫಿಂಗಿನಂಗ.

ಉಸ್ತಾದರು ಅವರನ್ನ ಗಾಡಿ ಮ್ಯಾಲ ಕುಂಡರಿಸಿದ್ರು,
ಸುಟ್ಟ ಕಲಿ ಪೈಪಿಗೆ ತಾಗೂ ಜಾಗಾಕ್ಕ ಖಡು ಹಚ್ಚಿದ್ರು.
"ಕಾಲು ಇಲ್ಲಿ ಸಿಕ್ಕಿತ್ತಂದ್ರ, ಕಲ್ಲು ಇಲ್ಲಿ ಬಡದೈತಿ."
ಖಡುವಿನಿಂದ ನಾಕ ಬೆರಳ ಮುಂದ, ಹೊಟ್ಟಿಗೆ.
ಸುತ್ತಿಗಿ ಕೊಡವಾ, ಅಂದ್ರು ನನಗ.
ನನ್ನ ಕೈಲೇ ಇಸಗೊಂಡ್ರು ನೋಡ್ರಿ!
ಒಂದ ಏಟು.
ಆಮ್ಯಾಲೊಂದು, ಹಗೂರ,
ಕೂಸಿನ ಬೆನ್ನಿಗೆ ಬಡದಂಗ.

ಕಿಕ್.
ನುಣ್ಣಗ ಹಾಡತಿದ್ದ ಪೈಪು ಈಗ
ನಡುನಡುವ ಒಂದ ತುತ್ತು ನುಂಗಿ ಮಾತಾಡಾಕ ಹತ್ತಿತು.
ಅವರು ನವ್ಹೆ ಅನಲಿಲ್ಲ.
ಏನೂ ಅನಲಿಲ್ಲ.
ಎಡಗೈ ತಾನಾಗೇ ಕ್ಲಚ್ ಹಿಡೀತು, ಮುಂದ ಯಾರೋ ಹೊಂಟಾರ ಅನ್ನೂ ಹಂಗ.
ಎದಿ ಬಗ್ಗಿಸಿ ಶೆಡ್ಡಿನಿಂದ ಹೊರಬಿದ್ರು,
ಮೋಲ್ಡಿಂಗ ಉಸುಕಿನ ಲಾರಿ ದಾಟಿ, ಚಾದ ಅಂಗಡಿ ದಾಟಿ,
ಕಾಣಲಾರದಂಗ ಆದ್ರು.
ದನಿ ಮಾತ್ರ ಇನ್ನೊಂದಿಷ್ಟು ಹೊತ್ತು ಬರತಿತ್ತು.

ಹೊತ್ತ ಮುಣಗೂ ಮುಂದ ತಿರುಗಿ ಬಂದ್ರು.
ಟಯರಿನ ಹಲ್ಲಾಗ ಕೆಂಪ ಮಣ್ಣು.

ಬಿಲ್ಲ ಬರಿಯಾಕಿ ನಾನೇ:
ಪತ್ರಾ ಇಷ್ಟು, ಗ್ಯಾಸ ಇಷ್ಟು, ಬಫಿಂಗ ಎರಡ ದಿನದ್ದು.
"ಉಸ್ತಾದ, ಡೆಂಟಿಗೆ ಏನಂತ ಬರೀಲಿ?"
ಖಾರಿ ಚಾದಾಗ ಅದ್ದಿಕೋತ, ತಲಿ ಎತ್ತಲಾರದ,
"ಫಿನಿಶಿಂಗ," ಅಂದ್ರು.