ನಲವತ್ತೊಂದನೆಯ ಪ್ರಶ್ನೆ

ಅಜ್ಮಾನಿನ ಜುರ್ಫ್, ಟಯರಂಗಡಿಯ ಹಿಂದಿನ ಗಲ್ಲಿ.
ಮಯ್ಯದ್ದಿಚ್ಚನ ಪ್ಯಾಲೆಟ್ ರಿಪೇರಿ ಶೆಡ್ಡು.
ಲೆಕ್ಕ ಬರೆಯುವವಳು ನಾನು.
ಫ್ಯಾನಿನ ಗಾಳಿಗೆ ಹಾರದ ಹಾಗೆ
ಅರವತ್ತೆರಡು ಪ್ರಶ್ನೆಗಳ ಮೇಲೆ ಸುತ್ತಿಗೆ ಇಟ್ಟು ಕೂತಿದ್ದೇನೆ.

ಕಳಿಸಿದ್ದು ಹಾಲಿನಪುಡಿಯ ದೊಡ್ಡ ಕಂಪೆನಿ.
ವರ್ಷಕ್ಕೆ ಒಂಬತ್ತು ಸಾವಿರ ಪ್ಯಾಲೆಟ್ಟು ಅವರಿಗೇ.
ನಮ್ಮ ಹಣ ತೊಂಬತ್ತು ದಿನಕ್ಕೆ,
ಅವರ ಉತ್ತರ ಗುರುವಾರದೊಳಗೆ.

ನಿಮ್ಮ ಮರದ ಮೂಲ ಯಾವ ದೇಶ?
ಎದ್ದು ಹೋಗಿ ರಾಶಿಯ ಮುಂದೆ ನಿಂತೆ.
ಸುಟ್ಟ ಮುದ್ರೆಗಳು: ಲಾಟ್ವಿಯಾ, ವಿಯೆಟ್ನಾಂ, ಚಿಲಿ,
ಇನ್ನೊಂದರಲ್ಲಿ ಅಕ್ಷರ ಸವೆದು
ಬರೀ ಒಂದು ಗೋಧಿಯ ತೆನೆ.
ಒಂದೇ ಪ್ಯಾಲೆಟ್ಟಿಗೆ ನಾಲ್ಕು ದೇಶದ ಹಲಗೆ,
ಬೆಳಿಗ್ಗೆ ಆರರ ನಮ್ಮ ಲಿಫ್ಟಿನ ಹಾಗೆ.
ಫಾರ್ಮಿನಲ್ಲಿ ಜಾಗ ಒಂದು ದೇಶಕ್ಕೆ.
'ಇತರೆ' ಎಂದು ಬರೆದೆ.

ತ್ಯಾಜ್ಯಕ್ಕೆ ಲಿಖಿತ ನೀತಿ ಇದೆಯೇ?
ಮಯ್ಯದ್ದಿಚ್ಚ ಕನ್ನಡಕವನ್ನು ಹಣೆಗೇರಿಸಿದರು.
"ತ್ಯಾಜ್ಯ ಅಂದರೆ ಎಂತದು ಮಾರಾಯ್ತಿ?"

ಬಗ್ಗಿದ ಮೊಳೆಯನ್ನು ಮೋಫಿಜ್ ಕಬ್ಬಿಣದ ತುಂಡಿನ ಮೇಲಿಟ್ಟು
ಎರಡೇ ಏಟಿಗೆ ನೆಟ್ಟಗೆ ಮಾಡುತ್ತಾನೆ,
ಉದ್ದ ನೋಡಿ ತುಪ್ಪದ ಡಬ್ಬಿಗೆ ಎಸೆಯುತ್ತಾನೆ.
ಸೀಳಿದ ಹಲಗೆ ಕಾಲುಗಟ್ಟೆಯಾಗುತ್ತದೆ.
ಅದಕ್ಕೂ ಸಾಲದ್ದು ಜರ್ಗುಲ್‌ನ ತಂದೂರಿಗೆ.
ಹುಡಿ ಮಸ್ಫೂತಿನ ಆಡಿನ ಕೊಟ್ಟಿಗೆಗೆ.
ಸಂಜೆ ಎಂಟು ಬಿಸಿ ರೊಟ್ಟಿ ಶೆಡ್ಡಿಗೆ ಬರುತ್ತವೆ,
ಬಿಲ್ಲಿಲ್ಲದೆ; ಎಲ್ಲಿ ಬರೆಯಲಿ?

ಎಂ.ಬಿ. ಎಂದು ಮುದ್ರೆ ಇರುವ ಹಲಗೆಗೆ ಮಾತ್ರ ಬೇರೆ ಮೂಲೆ.
ಅದು ವಿಷದ ಹೊಗೆ ಕುಡಿದ ಮರ,
ಅದರ ಬೆಂಕಿಯಲ್ಲಿ ರೊಟ್ಟಿ ಬೇಯಿಸಬಾರದು.
ನೀತಿಯ ಕಾಗದ ನಮಗಿದನ್ನು ಹೇಳಲಿಲ್ಲ.
ಎರಡು ತಿಂಗಳು ನಿಲ್ಲದ ಜರ್ಗುಲ್‌ನ ಕೆಮ್ಮು ಹೇಳಿತು.

ಹೌದು, ಇಲ್ಲ, ಅನ್ವಯಿಸುವುದಿಲ್ಲ.
ಅನ್ವಯಿಸುವುದಿಲ್ಲ, ಇಲ್ಲ, ಹೌದು.
ಹೀಗೆ ನಲವತ್ತರವರೆಗೆ.

ಆಮೇಲೆ ಇದು:
ನಿಮ್ಮ ಪೂರೈಕೆದಾರರಿಗೆ ಪೂರೈಸುವವರು ಯಾರು?

ನಮಗೆ ಮುರಿದದ್ದನ್ನು ಕೊಡುವವನು ಗುಜರಿಯ ಸೈದಾಲಿ.
ಅವನಿಗೆ?
ಫೋನಿನಲ್ಲಿ ಕೇಳಿದೆ, ನಕ್ಕ.
"ಹಾಲಿನಪುಡಿಯವರ ಹಿಂದಿನ ಗೇಟು, ಚೇಚಿ.
ಅವರ ಫೋರ್ಕ್‌ಲಿಫ್ಟಿನವನ ಕೈ ಸ್ವಲ್ಪ ಜೋರು.
ತೆಗೆದುಕೊಂಡು ಹೋಗು, ಜಾಗ ಖಾಲಿಯಾದರೆ ಸಾಕು ಅನ್ನುತ್ತಾರೆ."

ಪೆನ್ನಿನ ಮುಚ್ಚಳ ತೆಗೆದಿದ್ದೆ.
'ನೀವೇ' ಎಂದು ಬರೆದರೆ ಮುಗಿಯಿತು,
ಜೀವಮಾನದಲ್ಲಿ ಒಮ್ಮೆ ಸಿಗುವ ಉತ್ತರ.
ಮಯ್ಯದ್ದಿಚ್ಚ ಕಾಗದದ ಮೇಲೆ ಅಂಗೈ ಇಟ್ಟರು.
ಹೆಬ್ಬೆರಳಿನ ಉಗುರು ಹಳೆಯ ಏಟಿಗೆ ಕಪ್ಪು.
"ಬೇಡ. ಗೊತ್ತಾದರೆ ಮುರಿದದ್ದಕ್ಕೂ ರೇಟು ಕಟ್ಟುತ್ತಾರೆ.
ಸೈದಾಲಿಯೂ ಹೋದ, ನಾವೂ ಹೋದೆವು."

'ಸ್ಥಳೀಯ' ಎಂದು ಬರೆದೆ.
ಸುಳ್ಳಲ್ಲ. ಆದರೂ
ಇಡೀ ಫಾರ್ಮಿನಲ್ಲಿ ನನ್ನ ಕೈ ನಡುಗಿದ್ದು ಅಲ್ಲೊಂದೇ.

ನಾಲ್ಕಕ್ಕೆ ಪಿಕಪ್ಪು ಬಂತು,
ಮುರಿದ ಮರ ಧಡಧಡ ನೆಲಕ್ಕೆ.
ಮೋಫಿಜ್ ಒಂದನ್ನು ತಿರುಗಿಸಿ ನೋಡಿದ,
ಬೆರಳಿನಿಂದ ಮೊಳೆಯ ತಲೆ ಸವರಿದ, ಎಣಿಸಿದ.
"ದೀದಿ, ಇದು ನನ್ನದೇ ಹೊಡೆತ.
ಮೂರನೇ ಸಲ ಬಂದಿದೆ."
ಸುತ್ತಿಗೆ ಬೇಕಿತ್ತು ಅವನಿಗೆ.
ಪ್ರಶ್ನೆಗಳ ಮೇಲಿಂದ ಎತ್ತಿ ಕೊಟ್ಟೆ.