ಎಲ್ಲಿ ಮುರೀಬೇಕು

ಶಿವಮೊಗ್ಗದ ಆಟೋ ಕಾಂಪ್ಲೆಕ್ಸು, ಹಿಂದಿನ ಸಾಲು, ಕೊನೇ ಶೆಡ್ಡು.
ಎರಡು ಕಬ್ಬಿಣದ ಕುದುರೆಗಳ ಮೇಲೆ
ಹಿಂದಿನ ಚಕ್ರ ಬಿಚ್ಚಿಸಿಕೊಂಡು
ನನ್ನ ಜೀಪು ನಿಂತಿದೆ,
ದೇವಸ್ಥಾನದ ಹೊರಗೆ ಚಪ್ಪಲಿ ಕಳೆದುಕೊಂಡವನ ಹಾಗೆ.

ಹೋದ ತಿಂಗಳು ನಗರದಾಚೆಯ ಗುಡ್ಡದಲ್ಲಿ
ಐವರು ಲೈನ್‌ಮನ್‌ಗಳು, ಒಂದು ತಂತಿಯ ಉರುಳೆ,
ಪಿಂಗಾಣಿ ಬಟ್ಟಲುಗಳ ಎರಡು ಪೆಟ್ಟಿಗೆ.
ಮೂರನೇ ತಿರುವಿನಲ್ಲಿ
ಎಡಗಾಲಿ ಕಲ್ಲು ಕಚ್ಚಿ ಅಲ್ಲಾಡದೆ ಕೂತಿತು,
ಬಲಗಾಲಿ ಗಾಳಿಯಲ್ಲಿ ಗಿರ್ರನೆ.
ನಾನು ಕಾಲು ತೆಗೆಯಲಿಲ್ಲ. ತಪ್ಪು ನನ್ನದೇ.
ತಿರುಗುತ್ತಿದ್ದದ್ದು ಒಮ್ಮೆಲೇ ನೆಲಕ್ಕೆ ತಾಗಿತು.
ಟಕ್.
ಕಬ್ಬು ಮುರಿದಷ್ಟೇ ಸದ್ದು.
ಉರುಳೆಯನ್ನು ಅವರು ಹೆಗಲ ಮೇಲೆ ಹೊತ್ತರು,
ಮೇಲಿನ ಏಳು ಮನೆಗೆ ಕರೆಂಟು ಬಂದದ್ದು
ಹನ್ನೊಂದನೇ ದಿನ.

ರುಡಾಲ್ಫ್ ಮೇಸ್ತ್ರಿ ಡೀಸೆಲ್ ಬೋಗುಣಿಗೆ ಕೈ ಇಳಿಸಿ
ನಾಲ್ಕು ಪುಟ್ಟ ಹಲ್ಲುಗಾಲಿ ಎತ್ತಿದ.
"ಇವನು ಶ್ಯಾನುಭೋಗ, ತೀರ್ಥಪ್ಪ.
ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ದಾರಿ ಜಾಸ್ತಿ, ಒಳಗಿನದಕ್ಕೆ ಕಮ್ಮಿ,
ಅವರವರ ಲೆಕ್ಕ ಅವರವರಿಗೆ ಕೊಡ್ತಾನೆ.
ಡಾಂಬರಿನ ಮೇಲೆ ಬಲು ನ್ಯಾಯವಂತ.
ಕೆಸರಿಗೆ ಇಳಿದರೆ ಮಾತ್ರ
ಸುಮ್ಮನೆ ಕುಣಿಯೋನಿಗೇ ಬಲವೆಲ್ಲ,
ನೆಲ ಹಿಡಿದು ನಿಂತೋನಿಗೆ ಸೊನ್ನೆ."
ನನಗೆ ಗುತ್ತಿಗೆಯ ಬಿಲ್ಲು ಪಾಸಾಗುವ ಕ್ರಮ ನೆನಪಾಗಿ
ನಗು ಬಂತು.

"ಬೆಸೆದುಬಿಡು," ಅಂದೆ, "ಎರಡೂ ಒಂದೇ ಗತಿಯಲ್ಲಿ ಹೋಗಲಿ."
"ಹೊಸನಗರದ ಪೇಟೆಯಲ್ಲಿ ತಿರುಗಿಸುವಾಗ
ಟೈರು ಚೀರೋದನ್ನ ಕೇಳೋಕೆ ನಾನಿರಲ್ಲ" ಅಂದ.
ಯಾವುದೋ ಗುಜರಿ ಗಾಡಿಯಿಂದ ಬಿಚ್ಚಿ ತಂದ
ಲಾಕರ್ ಒಂದನ್ನು ಗೋಣಿಯಿಂದ ತೆಗೆದ:
ಬೇಕಾದಾಗ ಎಳೆದು ಬೀಗ ಹಾಕು,
ದಾಟಿದ ಮೇಲೆ ತೆಗಿ,
ತೆಗೆಯೋದು ಮರೀಬೇಡ.

ಆಮೇಲೆ ಹೌಸಿಂಗಿನ ಬೆನ್ನಿಗೆ ಪಟ್ಟಿ.
ಒಂದೇ ಉಸಿರಿಗೆ ಬೆಸೆದರೆ ಕೊಳವೆ ಬಾಗುತ್ತದಂತೆ;
ಈ ತುದಿಗೆ ಒಂದಿಂಚು,
ಆ ತುದಿಗೆ ಒಂದಿಂಚು,
ನಡುವೆ ಟೀ.
ಕ್ರೌನಿನ ಹಲ್ಲಿಗೆ ನೀಲಿ ಹಚ್ಚಿ ಕೈಯಲ್ಲೇ ತಿರುಗಿಸಿ
ಕಚ್ಚು ಎಲ್ಲಿ ಬಿತ್ತೆಂದು ನೋಡಿದ. ಅಂಚಿಗೆ.
ಬಿಚ್ಚಿದ, ಕಾಗದದಷ್ಟು ತೆಳ್ಳಗಿನ ಶಿಮ್ಮು ತುರುಕಿದ.
ಮತ್ತೆ ಅಂಚಿಗೆ.
ಐದನೇ ಸಲಕ್ಕೆ ಹಲ್ಲಿನ ನಟ್ಟನಡುವೆ
ಅವರೆಕಾಳಿನಷ್ಟು ಗುರುತು.
ಹುಡುಗ ಚಾಂದ್ ಸೀಟಿ ಹೊಡೆದ.

ಸಂಜೆ, ಕೈಗೆ ಮರದ ಹೊಟ್ಟು ತಿಕ್ಕಿಕೊಳ್ಳುತ್ತ ಕೇಳಿದ:
"ಈಗ ಹೇಳು, ಎಲ್ಲಿ ಮುರೀಬೇಕು?"
ನನಗೆ ಅರ್ಥವಾಗಲಿಲ್ಲ.
"ಶಾಫ್ಟು ಗಟ್ಟಿ ಮಾಡಿದ್ರೆ ಕ್ರೌನು ಹೋಗುತ್ತೆ,
ಕ್ರೌನು ಗಟ್ಟಿಯಾದ್ರೆ ಗೇರ್‌ಬಾಕ್ಸು.
ಮುರಿತ ಅನ್ನೋದು ಮನೆ ಬದಲಾಯಿಸುತ್ತೆ,
ಊರು ಬಿಡಲ್ಲ.
ಎಲ್ಲವನ್ನೂ ಗಟ್ಟಿ ಮಾಡ್ತೀನಿ ಅನ್ನೋ ಮೇಸ್ತ್ರಿ
ಸುಳ್ಳ, ಇಲ್ಲಾ ಹೊಸಬ."

ಬಹಳ ಹೊತ್ತು ಗಾಡಿಯ ಅಡಿಯಲ್ಲೇ ಮಲಗಿ ನೋಡಿದೆ.
ಒಂದೊಂದನ್ನೂ ಮುಟ್ಟಿದೆ.
ಕತ್ತಲಲ್ಲಿ, ಮಳೆಯಲ್ಲಿ, ಬ್ಯಾಟರಿ ಇಲ್ಲದೆ
ಬೆರಳಿಗಷ್ಟೇ ಸಿಕ್ಕಿ ಬಿಚ್ಚಬಹುದಾದದ್ದು ಯಾವುದು?
"ಹಿಂದಿನ ಕ್ರಾಸು," ಅಂದೆ.
"ಅದು ಹೋದರೆ ಉದ್ದದ ಶಾಫ್ಟು ಕಳಚಿಟ್ಟು
ಮುಂದಿನ ಎರಡು ಚಕ್ರದಲ್ಲೇ ಇಳಿದು ಬರ್ತೀನಿ."
ರುಡಾಲ್ಫ್ ಕೊರಳ ಸರ ಅಂಗಿಯೊಳಗೆ ಸರಿಸುತ್ತ ನಕ್ಕ:
"ನಮ್ಮ ಇಗರ್ಜಿಯಲ್ಲೂ ಅದನ್ನೇ ಹೇಳ್ತಾರೆ ಮಾರಾಯ,
ಭಾರ ಎಲ್ಲ ಕೊನೆಗೆ ಕ್ರಾಸಿಗೇ."

ಗ್ರೀಸು ಕಾಗದದಲ್ಲಿ ಸುತ್ತಿದ ಎರಡು ಕ್ರಾಸು
ಸೀಟಿನ ಕೆಳಗಿವೆ,
ಜೊತೆಗೆ ಹಳೇ ಶಾಫ್ಟು,
ಹಿಂಡಿದ ಬಟ್ಟೆಯ ಹಾಗೆ ತುದಿ ತಿರುಚಿಕೊಂಡಿದ್ದು.
ಗುಜರಿಗೆ ಹಾಕಬೇಡ ಅಂದಿದ್ದಾನೆ ಲೈನ್‌ಮನ್ ದ್ಯಾವಪ್ಪ:
ಒಳ್ಳೇ ಉಕ್ಕು, ಕಾಯಿಸಿ ಚೂಪು ಮಾಡಿಸಿದರೆ
ಕಂಬದ ಗುಂಡಿಗೆ ಹಾರೆಯಾಗುತ್ತೆ.