ಅನುಭವದ ಕಾಲಂ

ತೋರಣಗಲ್ಲು ಬೈಪಾಸಿನ ನನ್ನ ಜೆರಾಕ್ಸ್ ಅಂಗಡಿಯಲ್ಲಿ
ಮೂರನೇ ಸಂಜೆಯೂ ಅದೇ ಅರ್ಜಿ.
ರೂಢಿಯಂತೆ ಟೈಪಿಸಿದ್ದೆ:
‘ಬಾಲ್ಯದಿಂದಲೂ ನನಗೆ ವೇಗವೆಂದರೆ ಹುಚ್ಚು.’
‘ಅಳಿಸ್ರೀ ಅಣ್ಣ,’ ಅಂದಳು ಹೊನ್ನೂರಬಿ,
‘ನಾ ಯಾವತ್ತೂ ಜೋರು ಹೋದಾಕಿ ಅಲ್ಲ.
ನಿಂತ ಗಾಡಿ ಜೋಡಿನೇ ನನ್ನ ಕೆಲಸ.’

ರೇಸಿನ ತಂಡಕ್ಕೆ ಟೈರು ನೋಡುವವರು ಬೇಕಂತೆ,
ಕೊಯಮತ್ತೂರಿನ ಕಡೆ.
ಚೀಲದಿಂದ ಬಂತು ಪಂಚರ್ ಅಂಗಡಿಯ ಲೆಕ್ಕದ ಪುಸ್ತಕ,
ಪುಟಕ್ಕೊಂದು ಗ್ರೀಸಿನ ಹೆಬ್ಬೆಟ್ಟು.
ಎಡಕ್ಕೆ ಅಪ್ಪನ ಬಾಕಿ ವಸೂಲಿ,
ಬಲಕ್ಕೆ ಇವಳ ಇರುವೆ ಅಕ್ಷರ:
ಲಾರಿ ನಂಬರು, ಅದಿರು ಎಷ್ಟು ಟನ್ನು,
ಗಾಳಿ ಎಷ್ಟು, ಡಾಂಬರು ಎಷ್ಟು ಕಾದಿತ್ತು,
ಸವೆದದ್ದು ಒಳ ಅಂಚೋ ಹೊರ ಅಂಚೋ.
ನಾಲ್ಕು ಬೇಸಿಗೆ.
ಯಾಕೆ ಬರೆದಿಟ್ಟೆ ಅಂದರೆ,
‘ಟೈರು ಸಿಡಿಯಾಕ ಮೊದ್ಲೇ ಹೇಳ್ತದ. ಕೇಳೋರು ಬೇಕು.’

ಇದನ್ನೇ ಮೊದಲ ಸಾಲಿಗೆ ಹಾಕಲೇ?
‘ಬ್ಯಾಡ. ಅಂಕಿ ಹಾಕ್ರಿ.’
ಸಾವಿರದ ನೂರಾ ಹನ್ನೆರಡು ಟೈರು.
ಇನ್ನೂರು ಮಾಡೋಣ, ದುಂಡಗಿರಲಿ ಅಂದೆ.
ನೋಡಿದಳಷ್ಟೇ.
ತಿದ್ದಿದೆ.

ಕೊನೆಗೆ ತಪ್ಪಿದ್ದನ್ನೂ ಸೇರಿಸಿದಳು:
ಸರಿ ಇದೆ ಎಂದು ಕಳಿಸಿದ ಒಂದು ಹಿಂಗಾಲಿ
ವಡ್ಡು ದಾಟುವ ಮೊದಲೇ ಸಿಡಿದದ್ದು,
ಆಮೇಲೆ ಇವಳು ಪರೀಕ್ಷೆಯ ಕ್ರಮ ಬದಲಿಸಿದ್ದು.
ಕ್ಲೀನರ್ ಹುಡುಗನ ಹೆಸರು?
‘ಅದು ಅರ್ಜಿಗೆ ಬ್ಯಾಡ. ನನಗ ನೆಪ್ಪದ.’

ಪ್ರಿಂಟು ಬಂತು, ಅಂಚಿಗೆ ಅದಿರಿನ ಕೆಂಪು;
ನಮ್ಮಲ್ಲಿ ಬಿಳಿ ಹಾಳೆ ಅಂದರೆ ಇಷ್ಟೇ.
ಹತ್ತು ರೂಪಾಯಿ ಕೊಟ್ಟು ಇಳಿಯುತ್ತ
ನನ್ನ ಸ್ಕೂಟರಿನ ಹಿಂದಿನ ಗಾಲಿಗೆ ಕಾಲಲ್ಲಿ ತಟ್ಟಿ,
‘ಹದಿನೆಂಟದ’ ಅಂದಳು.

ಬೆಳಿಗ್ಗೆ ಗೇಜು ಇಟ್ಟೆ. ಹದಿನೇಳು.
ರಾತ್ರಿ ಒಂದು ಇಳಿದಿರಬೇಕು.